ನೀಲಿ ಚೀಲದ ಸಸಿಗಳು

ಆ ಸಾಲು ಮೊದಲು ಕಣ್ಣಿಗೆ ಬಿದ್ದದ್ದು ಮಗಳಿಗೆ.

ಯೋಜನೆಯ ಕಚೇರಿ ಎಂದರೆ ಗುಡ್ಡದ ಬುಡದಲ್ಲಿದ್ದ ತಗಡಿನ ಸೂರಿನ ಎರಡು ಕೋಣೆ. ಒಂದರಲ್ಲಿ ಹಾರೆ, ಗುದ್ದಲಿ, ಗೊಬ್ಬರದ ಮೂಟೆ. ಇನ್ನೊಂದರಲ್ಲಿ ತಂದೆಯ ಮೇಜು, ಮಗಳ ಕಂಪ್ಯೂಟರು, ಗೋಡೆಯ ಮೇಲೆ ಗುಡ್ಡದ ನಕ್ಷೆ. ಮರದ ವ್ಯಾಪಾರಿಗಳು ಬೋಳಿಸಿ ಬಿಟ್ಟುಹೋಗಿದ್ದ ಗುಡ್ಡ ಅದು. ದೂರದ ಮಹಾನಗರದಲ್ಲಿ ಬಣ್ಣದ ಕಾರ್ಖಾನೆಗಳಿದ್ದ ಒಬ್ಬ ಶ್ರೀಮಂತರು ಅಲ್ಲಿ ಮತ್ತೆ ಕಾಡು ಬೆಳೆಸುತ್ತೇನೆಂದು ಆರು ವರ್ಷದ ಹಿಂದೆ ತಮ್ಮ ಸ್ವಂತ ದುಡ್ಡು ಹಾಕಿ ಕೆಲಸ ಶುರುಮಾಡಿಸಿದ್ದರು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ತಂದೆ ಯೋಜನೆಯ ಮ್ಯಾನೇಜರು. ತಾಯಿ ನರ್ಸರಿಯ ಮುಖ್ಯಸ್ಥೆ. ತಾಯಿಯ ತಾಯಿ, ಅಂದರೆ ಅಜ್ಜಿ, ನರ್ಸರಿಯ ಒಂಬತ್ತು ಹೆಂಗಸರಲ್ಲಿ ಒಬ್ಬಳು. ಎಪ್ಪತ್ತರ ವಯಸ್ಸಿನಲ್ಲೂ ದಿನಕ್ಕೆ ಇನ್ನೂರು ಚೀಲಕ್ಕೆ ಮಣ್ಣು ತುಂಬುತ್ತಿದ್ದಳು. ಮಗಳದು ಗುಡ್ಡ ಸುತ್ತಿ, ಯಾವ ಗುಂಡಿಯ ಸಸಿ ಬದುಕಿದೆ, ಯಾವುದು ಸತ್ತಿದೆ ಎಂದು ಫೋಟೋ ತೆಗೆದು ದಾಖಲಿಸುವ ಕೆಲಸ. ಹೀಗೆ ಒಂದೇ ಮನೆಯ ನಾಲ್ವರೂ ಅದೇ ಗುಡ್ಡದ ಅನ್ನ ಉಣ್ಣುತ್ತಿದ್ದರು.

ವಾರ್ಷಿಕ ವರದಿ ಮುಖ್ಯ ಕಚೇರಿಯಿಂದ ಸಿದ್ಧವಾಗಿ ಬಂದಿತ್ತು. ಮುದ್ರಿಸಿ ಕಡತಕ್ಕೆ ಹಾಕುವುದಷ್ಟೇ ಮಗಳ ಪಾಲಿನದು. ಹಾಕುವ ಮುಂಚೆ ಸುಮ್ಮನೆ ತಿರುವಿದಳು. ಹನ್ನೊಂದನೇ ಪುಟದಲ್ಲಿ ಕೈ ನಿಂತಿತು. ಸಂಜೆ ಆ ಪುಟವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು.

ಊಟಕ್ಕೆ ಕೂತಾಗ ಅದನ್ನು ತಂದೆಯ ತಟ್ಟೆಯ ಪಕ್ಕದಲ್ಲಿಟ್ಟಳು.

"ಅಪ್ಪ, ಇದು ನಿನ್ನ ಸಹೀನಾ?"

ತಂದೆ ಅನ್ನಕ್ಕೆ ಬೇಳೆ ಕಲಸುತ್ತಿದ್ದವನು ಕಾಗದದ ಮೇಲೆ ಕಣ್ಣಾಡಿಸಿದ. "ಕಚೇರಿ ಕಾಗದ ಮನೆಗೆ ಯಾಕೆ ತಂದಿದೀಯ?"

"ನಿನ್ನ ಸಹೀನಾ ಅಂತ ಕೇಳ್ದೆ."

"ನನ್ನದೇ. ಊಟ ಮಾಡು."

"ಏನದು?" ಎಂದಳು ತಾಯಿ, ಒಲೆಯ ಮುಂದಿನಿಂದ.

ಮಗಳು ಓದಿದಳು. "ದಕ್ಷಿಣದ ಇಳಿಜಾರಿನಲ್ಲಿ ನಾಲ್ಕು ಸಾವಿರ ಸಸಿಗಳು ಸತ್ತಿರುವುದಕ್ಕೆ ನರ್ಸರಿಯ ಮಹಿಳಾ ಕಾರ್ಮಿಕರ ನಿರ್ಲಕ್ಷ್ಯವೇ ಕಾರಣವೆಂದು ಕಂಡುಬಂದಿದೆ."

ತಾಯಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಈಚೆ ಬಂದಳು. ಬೆಳಗಿನಿಂದ ಮಡಿಗಳಲ್ಲಿ ಕಳೆ ಕಿತ್ತಿದ್ದರಿಂದ ಅವಳ ಉಗುರಿನಲ್ಲಿ ಇನ್ನೂ ಕಪ್ಪು ಮಣ್ಣಿತ್ತು.

"ಇನ್ನೊಂದು ಸಲ ಓದು."

ಮಗಳು ಓದಿದಳು.

"ಕಂಡುಬಂದಿದೆ," ಎಂದಳು ತಾಯಿ. "ಯಾರಿಗೆ ಕಂಡುಬಂತು? ಯಾರು ಬಂದು ನೋಡಿದ್ರು?"

ತಂದೆ ಮತ್ತೆ ಅನ್ನ ಕಲಸತೊಡಗಿದ.

"ಅವತ್ತು ಏಳು ಬಸ್ಸಲ್ಲಿ ಬಂದೋರು ಯಾರು? ನಮ್ಮ ಹೆಂಗಸರಾ? ಬಣ್ಣದ ಕಂಪನಿ ನೌಕರರು. ಒಂದೇ ಥರ ಅಂಗಿ ಹಾಕ್ಕೊಂಡು, ಒಂದೇ ಬೆಳಿಗ್ಗೇಲಿ ನಾಲ್ಕು ಸಾವಿರ ಗಿಡ ನೆಡ್ತೀವಿ ಅಂತ ಬಂದ್ರು. ಚೀಲ ಹರಿದು ನೆಡಿ, ಚೀಲ ಹರಿದು ನೆಡಿ ಅಂತ ನಾನು ಗಂಟಲು ಹರ್ಕೊಂಡೆ. ಮುಖ್ಯ ಕಚೇರಿಯಿಂದ ಬಂದಿದ್ದ ಆ ಸಂಯೋಜಕಿ ಮೇಡಂ ಏನಂದ್ಲು? ಹರಿದ್ರೆ ಕಂಪನಿ ಗುರುತು ಕಾಣಲ್ಲ, ಮೊದಲು ಫೋಟೋ ಆಗ್ಲಿ ಅಂದ್ಲು. ಫೋಟೋ ಆಯ್ತು, ಚೀಲದ ಸಮೇತ ಹೂತ್ರು, ಹನ್ನೆರಡಕ್ಕೆ ಬಸ್ ಹತ್ತಿದ್ರು. ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ."

"ನಿಂತಿದ್ದೆ."

"ಮೂರು ದಿನ ಕೊಡಿ, ಎಲ್ಲಾ ಮೇಲೆತ್ತಿ ಸರಿಯಾಗಿ ನೆಡ್ತೀವಿ ಅಂದೆ."

"ನಾನೂ ಮೇಲಿನವರನ್ನ ಕೇಳ್ದೆ. ನೆಟ್ಟಾಯ್ತು ಅಂತ ಪತ್ರಿಕೇಲಿ ಬಂದಿದೆ, ಮತ್ತೆ ನೆಡೋದು ಅಂದ್ರೇನು ಅಂತ ಕೇಳಿದ್ರು."

"ಹಂಗಿದ್ರೆ ಇದು ಯಾರ ನಿರ್ಲಕ್ಷ್ಯ?"

ತಂದೆ ತಟ್ಟೆ ಸರಿಸಿದ. "ನೋಡು, ಯಜಮಾನರಿಗೆ ನಿಮ್ಮ ಜನಾನೇ ಗಿಡ ಕೊಂದ್ರು ಅಂತ ಹೇಳೋಕಾಗುತ್ತಾ? ಏನೋ ಒಂದು ಕಾರಣ ಬರೀಬೇಕಿತ್ತು. ಮೇಡಂ ಹೀಗೆ ಬರೆಯೋಣ ಅಂದ್ರು, ಸಹಿ ಹಾಕ್ದೆ. ಅವರು ಮುನಿಸ್ಕೊಂಡು ಕೈಬಿಟ್ರೆ ಗುಡ್ಡ ಮತ್ತೆ ಬೋಳು. ನಾವೆಲ್ಲ ಮನೇಲಿ. ಒಂದೇ ಒಂದು ಸಾಲು. ಯಾರ ಹೆಸರೂ ಹಾಕಿಲ್ಲ."

ಅಷ್ಟು ಹೊತ್ತು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅಜ್ಜಿ ತಲೆಯೆತ್ತಿದಳು. "ಇಡೀ ನರ್ಸರೀಲಿ ಇರೋದೇ ಒಂಬತ್ತು ಹೆಂಗಸರು. ಹೆಸರು ಬೇರೆ ಹಾಕ್ಬೇಕಿತ್ತಾ ಅಳಿಯಂದ್ರೆ?"

ಆ ಮನುಷ್ಯ ದುಷ್ಟನೇನಲ್ಲ. ಹರೆಯದಲ್ಲಿ ಅವನು ಅದೇ ಗುಡ್ಡದ ಮರಗಳನ್ನು ಸೀಳುವ ಕಾರ್ಖಾನೆಯಲ್ಲಿ ದಿಮ್ಮಿ ಅಳೆಯುವ ಕೆಲಸದಲ್ಲಿದ್ದ. ಕೊನೆಯ ಲಾರಿ ಇಳಿದುಹೋದ ಮೇಲೆ ಗುಡ್ಡವನ್ನು ನೋಡಿ ನಾಚಿಕೆಪಟ್ಟವನು. ಯೋಜನೆ ಬಂದಾಗ ಬೇರೆ ಯಾರಾದರೂ ಕೇಳುವ ಮುಂಚೆ ತಾನೇ ಹೋಗಿ ಕೆಲಸ ಕೇಳಿದ್ದ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಸೊಪ್ಪಿನ ಕೊಂಬೆ ಹಿಡಿದು ಆಳುಗಳಿಗಿಂತ ಮುಂದೆ ಓಡುತ್ತಿದ್ದ. ಅವನಿಗೆ ಗುಡ್ಡ ಉಳಿಯಬೇಕಿತ್ತು. ಆದರೆ ಅದಕ್ಕೆ ಯಾರ ತಲೆ ಕೊಟ್ಟೆ ಎಂಬುದನ್ನು ಅವನು ಅವತ್ತಿನವರೆಗೆ ಯೋಚಿಸಿರಲಿಲ್ಲ.

ಒಂದೇ ಸಾಲು ಎಂದಿದ್ದನಲ್ಲ, ಅದಕ್ಕೆ ಬಾಲವಿತ್ತು. ಮರುವಾರ ಮುಖ್ಯ ಕಚೇರಿಯಿಂದ ಆದೇಶ ಬಂತು. ನರ್ಸರಿಯ ಒಂಬತ್ತು ಹೆಂಗಸರನ್ನು ಕೆಲಸದಿಂದ ಬಿಡಿಸತಕ್ಕದ್ದು, ಗುರುತಿನ ಚೀಟಿ ವಾಪಸ್ ಪಡೆಯತಕ್ಕದ್ದು. ತಂದೆ ಬೆವರುತ್ತ ಸಂಯೋಜಕಿಗೆ ಫೋನು ಮಾಡಿದ.

"ಮೇಡಂ, ಹೀಗಾಗುತ್ತೆ ಅಂತ ನೀವು ಹೇಳಿರಲಿಲ್ಲ."

"ವರದಿಯಲ್ಲಿ ನೀವೇ ಒಪ್ಪಿದ್ದೀರಲ್ಲ," ಎಂದಳು ಆಕೆ. "ನಿರ್ಲಕ್ಷ್ಯ ಮಾಡಿದವರನ್ನೇ ಇಟ್ಕೊಂಡ್ರೆ ನಾಳೆ ನಮ್ಮನ್ನ ಕೇಳಲ್ವಾ? ಹೊಸಬರನ್ನ ಗುತ್ತಿಗೆಯವರು ಕಳಿಸ್ತಾರೆ."

ಸೋಮವಾರ ಬೆಳಿಗ್ಗೆ ಹೆಂಗಸರನ್ನು ಗೇಟಿನಲ್ಲೇ ತಡೆದು ನಿಲ್ಲಿಸಲಾಯಿತು. ತಂದೆ ಕೈಯಲ್ಲಿ ಪಟ್ಟಿ ಹಿಡಿದು ಹೆಸರು ಕೂಗಿದ. ಅವರಲ್ಲಿ ಎಲ್ಲರಿಗಿಂತ ಎತ್ತರದವಳೂ ಹಳಬಳೂ ಆದವಳನ್ನು ಉದ್ದಕ್ಕ ಎಂದೇ ಕರೆಯುತ್ತಿದ್ದರು. ಅವಳು ಚೀಟಿ ಬಿಚ್ಚಿ ಕೊಡುವ ಮುಂಚೆ ಕೇಳಿದಳು.

"ಆರು ವರ್ಷದಲ್ಲಿ ಒಂದಿನ ಮಡಿ ಒಣಗೋಕೆ ಬಿಟ್ಟಿದೀವಾ ಮ್ಯಾನೇಜರೇ? ನನ್ನ ಹೆರಿಗೆ ಆದ ಹದಿನೈದನೇ ದಿನಕ್ಕೆ ಮಗೂನ ಆ ನೆರಳುಬಲೆ ಕೆಳಗೆ ಮಲಗಿಸಿ ನೀರು ಹಾಕಿದೀನಿ. ನೀವು ನೋಡಿದೀರ."

"ಇದು ಮೇಲಿನಿಂದ ಬಂದ ಆದೇಶ."

"ಮೇಲಿನೋರಿಗೆ ಹೇಳ್ದೋರು ಯಾರು?"

ಅವನು ಮುಂದಿನ ಹೆಸರು ಕೂಗಿದ. ಸಾಲಿನ ಕೊನೆಯಲ್ಲಿ ಅಜ್ಜಿ ನಿಂತಿದ್ದಳು. ಅತ್ತೆಯ ಹೆಸರನ್ನು ಕೂಗಲು ಅವನಿಗೆ ಬಾಯಿ ಬರಲಿಲ್ಲ. "ನೀವು ಮನೇಲಿ ಕೊಡಿ ಅತ್ತೆ," ಎಂದು ಮೆಲ್ಲಗೆ ಹೇಳಿದ.

"ಮನೇಲಿ ಕೊಟ್ರೆ ಮನೆ ವಿಷಯ ಆಗೋಗುತ್ತೆ," ಎಂದಳು ಅಜ್ಜಿ. "ಇಲ್ಲೇ ತಗೊಳ್ಳಿ."

ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದು ಅವನ ಪಟ್ಟಿಯ ಮೇಲಿಟ್ಟು, ಎಲ್ಲರ ಜೊತೆ ರಸ್ತೆಗೆ ಇಳಿದಳು.

ಪಟ್ಟಿಯಲ್ಲಿ ತಾಯಿಯ ಹೆಸರಿರಲಿಲ್ಲ. ಮ್ಯಾನೇಜರನ ಹೆಂಡತಿ ಎಂಬ ಕಾರಣಕ್ಕೆ ಬಿಟ್ಟಿದ್ದರು. ಅದು ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಬಿಟ್ಟು ಹೊರಡೋಣವೆಂದರೆ ಮಡಿಗಳಲ್ಲಿ ನಲವತ್ತು ಸಾವಿರ ಸಸಿ. ಮಳೆಗೆ ಇನ್ನೂ ತಿಂಗಳ ಮೇಲಿತ್ತು. ಅತ್ತಿ, ನೇರಳೆ, ಹೆಸರೇ ಸರಿಯಾಗಿ ಗೊತ್ತಿಲ್ಲದ ಹತ್ತಾರು ಕಾಡುಮರಗಳ ಬೀಜವನ್ನು ಅಜ್ಜಿಯೇ ಹುಡುಕಿ ತಂದು ಮೊಳಕೆ ಬರಿಸಿದ್ದು. ಎರಡು ದಿನ ತಾಯಿ ಒಬ್ಬಳೇ ಕೊಳವೆ ಎಳೆದು ನೀರು ಹಾಕಿದಳು. ಮೂರನೇ ದಿನ ಅರ್ಧ ಮಡಿಗಳ ಎಲೆ ಬಾಡಿ ಜೋತುಬಿದ್ದವು.

ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಹಿಂದಿನ ಬೇಲಿ ನುಸುಳಿ ಉದ್ದಕ್ಕ ಬಂದಿದ್ದಳು. ಜೊತೆಗೆ ಇನ್ನಿಬ್ಬರು.

"ಗೊತ್ತಾದ್ರೆ ಪೊಲೀಸರನ್ನ ಕರೀತಾರೆ ಕಣ್ರೇ," ಎಂದಳು ತಾಯಿ.

"ಕರೀಲಿ. ಸಸಿಗೆ ನೀರು ಹಾಕಿದ್ರು ಅಂತ ಒಳಗೆ ಹಾಕ್ಲಿ," ಎಂದು ಉದ್ದಕ್ಕ ಸೀರೆ ಎತ್ತಿಕಟ್ಟಿದಳು. "ಗಿಡಗಳು ವರದಿ ಬರೆದಿಲ್ವಲ್ಲ ಅಕ್ಕ."

ಹಾಗೆ ಸರದಿಯ ಮೇಲೆ ದಿನಕ್ಕೆ ಮೂವರು ಬರತೊಡಗಿದರು. ತಂದೆ ಕಚೇರಿಯ ಕಿಟಕಿಯಿಂದ ನೋಡಿದ, ಬೆನ್ನು ತಿರುಗಿಸಿ ಕೂತ. ಮನೆಯಲ್ಲಿ ಅದನ್ನೇ ದೊಡ್ಡಸ್ತಿಕೆಯಂತೆ ಹೇಳಲು ಹೋದ.

"ಕಂಡೂ ಕಾಣದ ಹಾಗೆ ಇದೀನಿ, ಅದಾದ್ರೂ ನೆನಪಿರ್ಲಿ."

"ಕಾಣದ ಹಾಗೆ ಇರೋದು ನಿಮಗೆ ಹೊಸದಾ?" ಎಂದಳು ತಾಯಿ. "ಅದನ್ನ ಉಪಕಾರ ಅಂದ್ಕೋಬೇಡಿ."

ಮನೆಯ ದಿನಚರಿ ಕೆಟ್ಟಿತು. ತಾಯಿ ಗಂಡನಿಗೆ ಬುತ್ತಿ ಕಟ್ಟುವುದನ್ನು ನಿಲ್ಲಿಸಿದಳು. ಅವನು ಮಧ್ಯಾಹ್ನ ಬಾಳೆಹಣ್ಣು, ಬನ್ನು ತಿಂದು ಕಾಲ ಹಾಕಿದ. ಅವನ ಅಂಗಿಗಳು ಬಕೆಟ್ಟಿನಲ್ಲಿ ನೆನೆದು ನೆನೆದು ವಾಸನೆ ಬಂದವು. ಒಂದು ಭಾನುವಾರ ಅವನೇ ಬಟ್ಟೆ ಒಗೆಯಲು ಕೂತಾಗ ಅಜ್ಜಿ ಹೊಸ್ತಿಲಲ್ಲಿ ನಿಂತು ನೋಡಿದಳು. "ಕಾಲರ್ ಉಜ್ಜಿ ಅಳಿಯಂದ್ರೆ. ಕರೆ ಅಲ್ಲೇ ಕೂರೋದು." ಊಟಕ್ಕೆ ಬಡಿಸುವಾಗಲೂ ಬಿಡುತ್ತಿರಲಿಲ್ಲ. "ನಿರ್ಲಕ್ಷ್ಯದ ಕೈಯಲ್ಲಿ ಬಡಿಸ್ತಿದೀನಿ. ಇನ್ನೊಂದು ಸೌಟು ಹಾಕ್ಲಾ, ಸಾಕಾ?"

"ನಿಮ್ಮನ್ನ ಅಂದಿದ್ದಲ್ಲ ಅತ್ತೆ ಅದು."

"ಮತ್ತೆ ಉದ್ದಕ್ಕನ್ನ ಅಂದಿದ್ದಾ? ಹೇಳಿ, ಅವಳಿಗೆ ತಿಳಿಸ್ತೀನಿ."

ನಗುವಂತೆ ಮಾತಾಡಿದರೂ ಅಜ್ಜಿಗೆ ಮನೆಯಲ್ಲಿ ಕೈ ನಿಲ್ಲುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮೂರು ಸಲ ಗುಡಿಸುತ್ತಿದ್ದಳು. ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತರೆ, "ನಿಮ್ಮಿಂದ ಅಷ್ಟೊಂದು ಗಿಡ ಸತ್ತುಹೋದ್ವಂತೆ, ಹೌದಾ ಅಜ್ಜಿ?" ಎಂದು ಕೇಳುವವರು ಸಿಗುತ್ತಿದ್ದರು. ಉದ್ದಕ್ಕ ಸಿದ್ಧ ಉಡುಪಿನ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಹೋಗಿದ್ದಳು. ಹಿಂದಿನ ಕಡೆ ಯಾಕೆ ಬಿಡಿಸಿದರು ಎಂದು ಕೇಳಿದರಂತೆ. ಅವಳು ಬಾಯಿ ಬಿಡುವ ಮುಂಚೆ ಮೇಜಿನ ಹಿಂದಿದ್ದವನೇ, "ಓ, ಆ ಗುಡ್ಡದವರಾ," ಎಂದು ಅರ್ಜಿ ಬದಿಗಿಟ್ಟನಂತೆ. ಬಿಸಿಲಲ್ಲಿ ಬೆನ್ನು ಬಗ್ಗಿಸಿ ಕಾಡು ಬೆಳೆಸಿದವರಿಗೆ ಊರು ಕೊಟ್ಟ ಹೆಸರು ಅದು.

ಆ ಕಥೆ ಕೇಳಿದ ಮರುದಿನವೇ ತಾಯಿ ಮಗಳನ್ನು ಎಬ್ಬಿಸಿದಳು. "ನಿನ್ನ ಫೋನು, ನಕ್ಷೆ ತಗೊ. ದಕ್ಷಿಣದ ಕಡೆ ಹೋಗೋಣ."

ಬಿಸಿಲೇರುವ ಮುಂಚೆ ಇಬ್ಬರೂ ಇಳಿಜಾರಿನಲ್ಲಿದ್ದರು. ಎಲ್ಲಿ ನೋಡಿದರೂ ಗೇಣುದ್ದದ ಒಣಕಡ್ಡಿ, ಪಕ್ಕದಲ್ಲಿ ಕಂಪನಿ ಹೆಸರಿನ ಪುಟ್ಟ ಫಲಕ. ತಾಯಿ ಹಾರೆಯಿಂದ ಮಣ್ಣು ಸಡಿಲಿಸಿ ಮೊದಲನೆಯದನ್ನು ಎತ್ತಿದಳು. ನೀಲಿ ಚೀಲ ಹಾಗೇ ಇತ್ತು, ಅಚ್ಚಿನ ಬಣ್ಣವೂ ಮಾಸಿರಲಿಲ್ಲ. ಯೋಜನೆಯ ಉಳಿದೆಲ್ಲ ಸಸಿಗಳು ಕರೀ ಚೀಲದಲ್ಲಿ ಬೆಳೆದವು. ಆ ಒಂದು ದಿನಕ್ಕೆಂದೇ ಕಂಪನಿ ತನ್ನ ಗುರುತು ಹಾಕಿದ ನೀಲಿ ಚೀಲ ಮಾಡಿಸಿ ಕಳಿಸಿತ್ತು. ತಾಯಿ ಅದನ್ನು ಸೀಳಿದಳು. ಒಳಗೆ ಬೇರು ಹೊರಗೆ ದಾರಿ ಸಿಗದೆ ಸುತ್ತಿ ಸುತ್ತಿ ಸಿಂಬೆಯಂತಾಗಿ ಒಣಗಿತ್ತು.

"ಎಂಟು ತಿಂಗಳು ಸಾಕಿದ್ವಿ ಇದನ್ನ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಗುಂಡಿಗೆ ಹೋದಳು.

ಪ್ರತಿ ಇಪ್ಪತ್ತನೇ ಗುಂಡಿ ಅಗೆದರು. ಮಗಳು ಒಂದೊಂದಕ್ಕೂ ಜಾಗದ ಗುರುತು ಬರುವಂತೆ ಫೋಟೋ ತೆಗೆದಳು. ಇನ್ನೂರು ಗುಂಡಿಗಳಲ್ಲಿ ನೂರಾ ಎಂಬತ್ತೇಳರಲ್ಲಿ ಚೀಲ ಹಾಗೇ ಇತ್ತು. ಆಮೇಲೆ ಗುಡ್ಡ ಬಳಸಿ ಉತ್ತರದ ಮಗ್ಗುಲಿಗೆ ಹೋದರು. ಅದು ಒಂಬತ್ತು ಹೆಂಗಸರು ಅದೇ ವರ್ಷ, ಅದೇ ಮಳೆಯಲ್ಲಿ ನೆಟ್ಟ ಜಾಗ. ಅಲ್ಲಿ ಗಿಡಗಳು ಮಗಳ ಭುಜದವರೆಗೆ ಬಂದಿದ್ದವು. ಅದರದೂ ಫೋಟೋ ತೆಗೆದಳು.

ಗೋಣಿಚೀಲ ಹೊತ್ತು ಮನೆಗೆ ಬಂದಾಗ ತಂದೆ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಏನದು?"

"ನಿಮ್ಮ ವರದಿ," ಎಂದು ತಾಯಿ ಮೂಟೆಯನ್ನು ಅವನ ಕಾಲ ಬಳಿ ಇಳಿಸಿದಳು.

ಅವನು ಮೂಟೆಯ ಬಾಯಿ ಬಿಚ್ಚಿ ನೋಡಿದ, ಮುಚ್ಚಿದ. "ಇದನ್ನ ಎಲ್ಲಿಗೆ ತಗೊಂಡು ಹೋಗ್ತೀಯ?"

"ಎಲ್ಲಿಗೂ ಇಲ್ಲ. ಗುರುವಾರ ಯಜಮಾನರು ಊಟಕ್ಕೆ ಇಲ್ಲಿಗೇ ಬರ್ತಾರಲ್ಲ."

"ಅವರ ಮುಂದೆ ಮರ್ಯಾದೆ ತೆಗೀಬೇಡ ಮಾರಾಯ್ತಿ."

"ಯಾರದ್ದು? ಅದನ್ನ ಮೊದಲು ಹೇಳಿ."

ಯಜಮಾನರು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದಾಗ ಹೋಟೆಲಿಗೆ ಹೋಗದೆ ಮ್ಯಾನೇಜರನ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುವುದು ಅವರಿಗೆ ಇಷ್ಟ. ಎಪ್ಪತ್ತು ದಾಟಿದ ಮನುಷ್ಯ. ಈ ಸಲ ಮೊಣಕಾಲು ನೋವೆಂದು ಕುರ್ಚಿ ಕೇಳಿದರು. ಮೆತ್ತಗೆ ಮಾತಾಡುವವರು, ಅಡುಗೆಯನ್ನು ಹೊಗಳುವವರು. ಜೊತೆಗೆ ಸಂಯೋಜಕಿ ಬಂದಿದ್ದಳು. ಬೆಳಿಗ್ಗೆ ಅವರನ್ನು ಉತ್ತರದ ಮಗ್ಗುಲಲ್ಲಿ ಮಾತ್ರ ಸುತ್ತಾಡಿಸಿ ಕರೆತಂದಿದ್ದಳು. ಅನ್ನ, ಬೇಳೆ, ಹುರಿದ ಸೊಪ್ಪು, ಮೊಟ್ಟೆ. ಅಜ್ಜಿ ಬಡಿಸಿದಳು.

"ನರ್ಸರಿಯ ಹೆಂಗಸರು ಯಾರೂ ಕಾಣಲಿಲ್ಲ. ಹೋದ ಸಲ ಹಾಡು ಹೇಳಿದ್ದರು," ಎಂದರು ಯಜಮಾನರು.

"ಹೊಸಬರನ್ನ ತಗೋತಾ ಇದೀವಿ ಸರ್," ಎಂದಳು ಸಂಯೋಜಕಿ.

"ಹಳಬಳು ನಾನೊಬ್ಬಳು ಉಳಿದಿದೀನಿ," ಎಂದಳು ಅಜ್ಜಿ. "ಬಡಿಸೋಕೆ. ಸೊಪ್ಪು ಹಾಕ್ಲಾ ಸ್ವಾಮಿ?"

ಯಜಮಾನರು ಕೈ ತೊಳೆದು ಜಗಲಿಗೆ ಬರುವವರೆಗೂ ತಾಯಿ ತಡೆದಳು. ಉಣ್ಣುವವರನ್ನು ಎಬ್ಬಿಸಬಾರದು ಎಂದು ಅಷ್ಟು ಹೊತ್ತು ತುಟಿ ಕಚ್ಚಿಕೊಂಡಿದ್ದಳು. ಆಮೇಲೆ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಗೋಣಿಚೀಲವನ್ನು ಬೋರಲು ಹಾಕಿದಳು. ನೀಲಿ ಚೀಲಗಳು ರಾಶಿ ಬಿದ್ದವು.

"ಇವು ದಕ್ಷಿಣದ ಇಳಿಜಾರಿನ ಗಿಡ ಸರ್. ನಿಮ್ಮ ಕಂಪನಿಯವರು ನೆಟ್ಟಿದ್ದು. ಚೀಲದ ಸಮೇತ. ಬೇಡ ಅಂದೆ, ಕೇಳ್ಲಿಲ್ಲ. ಸರಿಮಾಡ್ತೀವಿ ಅಂದೆ, ಬಿಡ್ಲಿಲ್ಲ. ಈಗ ನಮ್ಮ ಹೆಂಗಸರು ಕೊಂದ್ರು ಅಂತ ಬರೆದು ಒಂಬತ್ತು ಜನಾನೂ ಮನೆಗೆ ಕಳಿಸಿದಾರೆ."

"ಸರ್, ಅಲ್ಲೊಂದು ಇಲ್ಲೊಂದು ಹೀಗಾಗಿರಬಹುದು," ಎಂದಳು ಸಂಯೋಜಕಿ.

"ಇನ್ನೂರಲ್ಲಿ ನೂರಾ ಎಂಬತ್ತೇಳು," ಎಂದು ಮಗಳು ಫೋಟೋಗಳ ಕಟ್ಟನ್ನು ಮುಂದಿಟ್ಟಳು. "ಪ್ರತಿಯೊಂದಕ್ಕೂ ಜಾಗದ ಗುರುತಿದೆ."

ಯಜಮಾನರು ಬಗ್ಗಿ ಒಂದು ಚೀಲ ಎತ್ತಿಕೊಂಡರು. ತಮ್ಮದೇ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದರು. "ನನ್ನ ಮೊಮ್ಮಗಳೂ ಅವತ್ತು ಒಂದು ನೆಟ್ಟಿದ್ದಳು," ಎಂದರು. ಮತ್ತೆ ತಂದೆಯ ಕಡೆ ತಿರುಗಿದರು. "ನನಗೆ ಯಾಕೆ ಹೇಳಲಿಲ್ಲ?"

ತಂದೆ ಸಂಯೋಜಕಿಯ ಮುಖ ನೋಡಿದ. ಅವಳು ಫೋನು ನೋಡುತ್ತಿದ್ದಳು.

"ನಿಮಗೆ ಬೇಜಾರಾಗುತ್ತೆ ಅಂತ," ಎಂದ.

ಯಜಮಾನರು ಚೀಲವನ್ನು ಜೋಪಾನವಾಗಿ ರಾಶಿಯ ಮೇಲಿಟ್ಟರು. "ಆಗಿದ್ದು ಆಯಿತು. ಯಾರನ್ನೂ ದೂರುವುದು ಬೇಡ. ಮುಂದಿನದು ನೋಡೋಣ," ಎಂದು ಎದ್ದರು.

ತಾಯಿ ಕಾರಿನವರೆಗೂ ಹಿಂದೆ ಹೋದಳು. "ದೂರೋದು ಬೇಡ ಅಂದ್ರಲ್ಲ ಸರ್, ನಮ್ಮನ್ನ ದೂರಿ ಆಗಿದೆ. ಆ ಸಾಲು ಇನ್ನೂ ಹಾಗೇ ಇದೆ."

"ನೋಡೋಣ ಅಮ್ಮ, ನೋಡೋಣ," ಎಂದರು ಅವರು. ಬಾಗಿಲು ಮುಚ್ಚಿತು.

ಹತ್ತು ದಿನದ ಮೇಲೆ ಪತ್ರ ಬಂತು. ಒಂಬತ್ತು ಹೆಂಗಸರೂ ಮನೆಯ ಅಂಗಳದಲ್ಲಿ ಸೇರಿದರು. ಮಗಳು ನಿಂತು ಓದಿದಳು. ಮಾನವೀಯ ದೃಷ್ಟಿಯಿಂದ ಸದರಿ ಕಾರ್ಮಿಕರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗುವುದು. ಅದಕ್ಕೆ ಮುಂಚೆ ಅವರು ಸಸಿ ನೆಡುವ ಕ್ರಮದ ಬಗ್ಗೆ ಸಂಯೋಜಕಿಯವರಿಂದ ಒಂದು ದಿನದ ತರಬೇತಿ ಪಡೆಯತಕ್ಕದ್ದು.

"ಯಾರು ಯಾರಿಗೆ ತರಬೇತಿ ಕೊಡೋದು?" ಎಂದಳು ಉದ್ದಕ್ಕ.

"ಮೇಡಂ ನಿಮಗೆ."

"ಚೀಲ ಹರೀಬೇಡಿ ಅಂದೋಳು?"

"ಅವಳೇ."

"ಆ ಸಾಲು ತೆಗೆದ್ರಾ?" ಎಂದು ಅಜ್ಜಿ ಕೇಳಿದಳು.

"ಅದರ ಬಗ್ಗೆ ಏನೂ ಇಲ್ಲ."

"ಅಂದ್ರೆ ತಪ್ಪು ನಮ್ಮದೇ. ಕನಿಕರ ಅವರದು." ಅಜ್ಜಿ ಎದ್ದು ಸೆರಗು ಕೊಡವಿದಳು. "ನನಗೆ ಬೇಡ. ನಿಮ್ಮ ಮನೇಲಿ ಕಷ್ಟ ಇದೆ, ನೀವು ಹೋಗಿ, ನಾನೇನೂ ಅನ್ನಲ್ಲ."

ಯಾರೂ ಹೋಗುವುದಿಲ್ಲವೆಂದರು. ಒಬ್ಬಳು ಹೇಳುವಾಗ ಅತ್ತಳು, ಆದರೂ ಹೋಗುವುದಿಲ್ಲವೆಂದೇ ಹೇಳಿದಳು. ಕದ್ದು ನೀರು ಹಾಕುವುದನ್ನು ಮಾತ್ರ ಬಿಡಬಾರದೆಂದು ಮಾತಾಯಿತು.

ಒಳಗಿನ ಕೋಣೆಯಲ್ಲಿ ಕೂತಿದ್ದ ತಂದೆಗೆ ಎಲ್ಲವೂ ಕೇಳಿಸಿತ್ತು. ಅಂಗಳ ಖಾಲಿಯಾದ ಮೇಲೆ ಮಗಳಿಂದ ಕಾಗದ ಕೇಳಿ ತೆಗೆದುಕೊಂಡ. ತುಂಬಾ ಹೊತ್ತು ಬರೆದ. ಬರೆದದ್ದನ್ನು ತಂದು ಹೆಂಡತಿಯ ಮುಂದೆ ಹಿಡಿದ. ಅವಳು ಕೈ ಒರೆಸಿಕೊಂಡು ಓದಿದಳು.

"ತಪ್ಪು ತಿಳುವಳಿಕೆಯಿಂದ ಸಹಿ ಹಾಕಿದೆ ಅಂತ ಬರೆದಿದೀರ."

"ಹೌದು."

"ಯಾವ ತಪ್ಪು ತಿಳುವಳಿಕೆ? ನಿಮಗೆ ಗೊತ್ತಿತ್ತು."

ಅವನು ಕಾಗದ ವಾಪಸು ತೆಗೆದುಕೊಂಡು ಹೋದ. ಎರಡನೇ ಸಲ ತಂದಾಗ ಹೀಗಿತ್ತು: ಈ ಸಾಲು ಸುಳ್ಳೆಂದು ಗೊತ್ತಿದ್ದೇ ನಾನು ಸಹಿ ಹಾಕಿದ್ದೇನೆ. ಹಾಗೆ ಬರೆಯೋಣ ಎಂದವರು ಸಂಯೋಜಕಿಯವರು. ಹೆಂಗಸರ ತಪ್ಪು ಏನೂ ಇಲ್ಲ. ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.

"ಈಗ ಸರಿ," ಎಂದಳು ತಾಯಿ. ಅವತ್ತು ಅವನ ತಟ್ಟೆಗೆ ಅವಳೇ ಬಡಿಸಿದಳು.

ಪತ್ರ ಮುಖ್ಯ ಕಚೇರಿಗೂ ಯಜಮಾನರಿಗೂ ಹೋಯಿತು, ಫೋಟೋಗಳ ಸಮೇತ. ಮೂರನೇ ವಾರಕ್ಕೆ ಉತ್ತರ ಬಂತು. ವರದಿಯಿಂದ ಸಾಲನ್ನು ತೆಗೆಯಲಾಗಿದೆ. ಹೆಂಗಸರು ಸೋಮವಾರದಿಂದ ಕೆಲಸಕ್ಕೆ ಬರಬಹುದು, ತರಬೇತಿ ಬೇಕಿಲ್ಲ. ಸುಳ್ಳು ವರದಿಗೆ ಸಹಿ ಹಾಕಿದ್ದಕ್ಕಾಗಿ ಮ್ಯಾನೇಜರನ್ನು ಹುದ್ದೆಯಿಂದ ತೆಗೆಯಲಾಗಿದೆ. ಹೊಸ ಮ್ಯಾನೇಜರ್ ಬರುವವರೆಗೆ ಯೋಜನೆಯ ಉಸ್ತುವಾರಿ ಸಂಯೋಜಕಿಯವರದು.

ತಾಯಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. "ಬರೆಸಿದೋಳು ಉಸ್ತುವಾರಿಗೆ, ಬರೆದೋನು ಬೀದಿಗೆ. ಚೆನ್ನಾಗಿದೆ ಇವರ ನ್ಯಾಯ."

"ಬಿಡು," ಎಂದ ತಂದೆ. "ಹೆಂಗಸರು ಒಳಗೆ ಹೋಗ್ಲಿ ಮೊದಲು."

"ಬಿಡೋದಾ? ನಾನಲ್ಲ ಬಿಡೋಳು. ಸೋಮವಾರ ಅವಳೆದುರಿಗೇ ನಿಂತು ಕೇಳ್ತೀನಿ. ಯಜಮಾನರಿಗೂ ಬರೀತೀನಿ, ಉತ್ತರ ಬರೋವರೆಗೂ ಬರೀತೀನಿ." ಕಾಗದವನ್ನು ಮಡಚಿ ಮಗಳಿಗೆ ಕೊಟ್ಟಳು. ಆಮೇಲೆ ಗಂಡನ ಕಡೆ ನೋಡಿದಳು. "ಆದ್ರೆ ಅದು ಬೇರೆ ಜಗಳ. ನಿಮ್ಮದು ಇನ್ನೂ ಮುಗಿದಿಲ್ಲ."

"ಇನ್ನೇನು ಉಳಿದಿದೆ? ಕೆಲಸಾನೇ ಹೋಯ್ತು."

"ಯಜಮಾನರಿಗೆ ಪತ್ರ ಹೋಯ್ತು. ಕಚೇರಿಗೆ ಹೋಯ್ತು. ಆ ಹೆಂಗಸರಿಗೆ ಏನು ಹೋಯ್ತು? ಗೇಟಲ್ಲಿ ಸಾಲಾಗಿ ನಿಲ್ಲಿಸಿ ಕೊರಳಿಂದ ಚೀಟಿ ಬಿಚ್ಚಿಸಿದ್ರಿ. ಅವರ ಬಾಗಿಲಿಗೆ ಹೋಗಿ ಹೇಳಿ."

ಭಾನುವಾರ ಬೆಳಿಗ್ಗೆ ಅವನು ಒಬ್ಬನೇ ಹೊರಟ. ತಾಯಿ ಜೊತೆಗೆ ಬರುವುದಿಲ್ಲವೆಂದಳು. ಉದ್ದಕ್ಕ ಬಟ್ಟೆ ಹಿಂಡುತ್ತಿದ್ದಳು. ಹಿಂಡುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, "ಉಡುಪಿನ ಕಾರ್ಖಾನೆಯವನಿಗೂ ಹೇಳಿ ಬನ್ನಿ, ಆಗ ನೀರು ಕೊಡ್ತೀನಿ," ಎಂದಳು. ಅವನು ನಿಜಕ್ಕೂ ಹೋದ. ಭಾನುವಾರವಾದ್ದರಿಂದ ಕಾವಲಿನವನು ಮಾತ್ರ ಇದ್ದ; ಮರುದಿನ ಬರುತ್ತೇನೆಂದು ಹೇಳಿ ಹಿಂತಿರುಗಿ ಬಂದ. ಇನ್ನೊಂದು ಮನೆಯಲ್ಲಿ ಗಂಡ ಎದ್ದು ಬಂದು ಬಾಗಿಲು ಹಾಕಿದ. ಅವನು ಹೊರಗಿನಿಂದಲೇ ಹೇಳಿದ. ಮತ್ತೊಬ್ಬಳು ಕೂರಿಸಿ ಚಹಾ ಕೊಟ್ಟಳು, ಅದನ್ನು ಕುಡಿಯುವುದು ಬಾಗಿಲು ಹಾಕಿಸಿಕೊಂಡದ್ದಕ್ಕಿಂತ ಕಷ್ಟವಾಯಿತು. ಅಂಗಳದಲ್ಲಿ ಅತ್ತಿದ್ದವಳು ಕೇಳಿಸಿಕೊಂಡು ಒಳಗೆ ಹೋದಳು.

ಅವನು ಮನೆಗೆ ಬಂದಾಗ ಊಟದ ಹೊತ್ತಾಗಿತ್ತು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು.

"ಆಯ್ತು," ಎಂದ ತಾಯಿಯ ಮುಂದೆ ನಿಂತು. "ಎಲ್ಲರ ಮನೆಗೂ ಹೋಗಿ ಬಂದೆ."

"ಎಷ್ಟು ಮನೆ?"

"ಎಂಟು."

ತಾಯಿ ಅವನನ್ನೇ ನೋಡಿದಳು. ಅವನು ತಿರುಗಿ ಜಗಲಿಗೆ ಬಂದ. ಅಲ್ಲಿ ಅಜ್ಜಿ ಮೊರದಲ್ಲಿ ಅತ್ತಿಹಣ್ಣು ಹಿಸುಕಿ ಬೀಜ ಬಿಡಿಸುತ್ತ ಕೂತಿದ್ದಳು.

"ಅತ್ತೆ," ಎಂದ. "ನಾನು ಬರೆದದ್ದು ಸುಳ್ಳು. ಗೊತ್ತಿದ್ದೇ ಸಹಿ ಹಾಕ್ದೆ. ಗಿಡ ಸತ್ತಿದ್ದು ನಿಮ್ಮಿಂದ ಅಲ್ಲ."

"ಮೆಲ್ಲಗೆ ಹೇಳಿದ್ರೆ ನನಗೆ ಕೇಳಿಸಲ್ಲ ಅಳಿಯಂದ್ರೆ. ಬೀದಿ ಕಡೆ ತಿರುಗಿ ಹೇಳಿ. ಆ ಮಾತು ಓಡಾಡಿದ್ದು ಬೀದೀಲಿ."

ನಲ್ಲಿಯ ಹತ್ತಿರ ನಾಲ್ಕೈದು ಜನ ಕೊಡ ಹಿಡಿದು ನಿಂತಿದ್ದರು. ಸೈಕಲ್ ದೂಡಿಕೊಂಡು ಒಬ್ಬ ಹೋಗುತ್ತಿದ್ದ. ತಂದೆ ಮೆಟ್ಟಿಲಿಳಿದು ಬೀದಿಗೆ ಮುಖ ಮಾಡಿ ನಿಂತ. ಮೊದಲನೆಯ ಸಲ ದನಿ ಒಡೆಯಿತು. ಎರಡನೆಯ ಸಲ ಹೇಳಿದ. ನಲ್ಲಿಯವರು ಮಾತು ನಿಲ್ಲಿಸಿ ನೋಡಿದರು, ಸೈಕಲ್ಲಿನವನೂ ಕಾಲೂರಿ ನಿಂತ. ಅವನು ಮೂರನೆಯ ಸಲವೂ ಅಷ್ಟೂ ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ.

"ಈಗ ಕೇಳಿಸ್ತು," ಎಂದಳು ಅಜ್ಜಿ ಕೈಯಿಂದ ಹಣ್ಣಿನ ಸಿಪ್ಪೆ ಕೊಡವುತ್ತ. "ಕ್ಷಮಿಸೋದೋ ಬಿಡೋದೋ ಒಂಬತ್ತು ಜನಾನೂ ಕೂತು ಮಾತಾಡ್ತೀವಿ. ಒಳಗೆ ಹೋಗಿ, ಊಟ ಮಾಡಿ."